ಬೆನ್ನಿನ ಅಳತೆ

ಮನಾಮಾದ ಹಳೇ ಸೂಕಿನಲ್ಲಿ, ಅತ್ತರಿನಂಗಡಿಯ ಮೇಲಿನ ಮಹಡಿಯಲ್ಲಿ
ಇಪ್ಪತ್ತೆರಡು ವರ್ಷ ಬಾಗಿದ್ದೇನೆ.
ದೇವರಿಗಲ್ಲ, ಮೇಜಿಗೆ.
ಕತ್ತರಿ, ಸೀಮೆಸುಣ್ಣ, ಮೂರೂವರೆ ಗಜ ಬಿಳಿ ಬಟ್ಟೆ;
ಈದ್ ಹತ್ತಿರ ಬಂದರೆ ಊಟವೂ ಅಲ್ಲೇ, ನಿಂತೇ.

ಹೆಗಲು ನೋಡಿ ಹೇಳಬಲ್ಲೆ:
ಇವನು ಬ್ಯಾಂಕಿನವ, ಫೋನು ಒತ್ತಿ ಒತ್ತಿ ಒಂದು ಕಡೆ ಏರಿದ್ದಾನೆ;
ಇವನು ಮುತ್ತಿಗೆ ಮುಳುಗಿದವರ ಮೊಮ್ಮಗ,
ಎದೆ ಅಜ್ಜನದು, ಕೆಮ್ಮು ಮಾತ್ರ ಸ್ವಂತ.
ಊರವರ ಬೆನ್ನೆಲ್ಲ ನನ್ನ ಪುಸ್ತಕದಲ್ಲಿದೆ
ನನ್ನದೊಂದು ಬಿಟ್ಟು.

ಅದು ಹೋಯಿತು ಒಂದು ಗುರುವಾರ
ಉರುಳಿದ ಗುಂಡಿ ಹೆಕ್ಕಲು ಬಗ್ಗಿದಾಗ.
ಬಗ್ಗಿದವ ಏಳಲಿಲ್ಲ.
ಇಸ್ತ್ರಿಯ ಇದಿನಬ್ಬ ನನ್ನನ್ನು ಮಡಚಿದ ಥೋಬಿನಂತೆ
ಹಾಗೇ ಎತ್ತಿ ಬೆಂಚಿನ ಮೇಲಿಟ್ಟ.
"ಮೂಳೆ ಕೂರಿಸುವವರಿದ್ದಾರಲ್ಲ ಮಾರಾಯ, ಹೋಗು" ಅಂದ.
ಯಾರ ಹತ್ತಿರ?
ನೋವು ಒಬ್ಬನದು, ಸಲಹೆ ಓಣಿಯದು;
ಸುಂಕವಿಲ್ಲದೆ ಈ ದ್ವೀಪಕ್ಕೆ ಬರುವ ಸರಕು ಅದೊಂದೇ.

ಗುದೈಬಿಯಾದ ಕ್ಷೌರದಂಗಡಿಯಲ್ಲಿ
ತಲೆ ಬೋಳಿಸಿದರೆ ಕತ್ತು ತಿರುಗಿಸುವುದು ಪುಕ್ಕಟೆ.
ಲಟಕ್ಕೆಂದಿತು. ಆಹಾ ಎಂದೆ.
ಆಮೇಲೆ ಮೂರು ದಿನ
ಲಿಫ್ಟೇ ಇಲ್ಲದ ನಮ್ಮ ಕಟ್ಟಡ ಮೇಲೆ ಕೆಳಗೆ ಓಡಾಡಿತು.

ಅದ್ಲಿಯಾದಲ್ಲಿ ಗಾಜಿನ ಕ್ಲಿನಿಕ್ಕು.
ತಟ್ಟೆಯಲ್ಲಿ ಖರ್ಜೂರ, ಗೋಡೆಯ ಮೇಲೆ ನಗುವ ಬೆನ್ನೆಲುಬುಗಳು.
ಅಂಗಿ ಬಿಚ್ಚುವ ಮೊದಲೇ ಕಾರ್ಡಿನ ಮಶೀನು ಬಂತು:
"ಇಪ್ಪತ್ತನಾಲ್ಕು ಸಲ, ಮುನ್ನೂರು ದಿನಾರು,
ಇವತ್ತೇ ಕಟ್ಟಿದರೆ ಕತ್ತು ಉಚಿತ."
ನನಗೆ ನಗು ಬಂತು, ನಕ್ಕರೆ ನೋಯುತ್ತಿತ್ತು.
ಟೇಪು ಹಿಡಿಯದೆ ಬಟ್ಟೆಯ ಲೆಕ್ಕ ಹೇಳಿದ ಹುಡುಗನನ್ನು
ಹೋದ ವರ್ಷ ನಾನೇ ಕೆಲಸದಿಂದ ತೆಗೆದವನು.

ಕೊನೆಗೆ ಮುಹರ್ರಕ್. ಒಂದೇ ಕೋಣೆ.
ಏಸಿಯ ನೀರು ಪೇಂಟಿನ ಡಬ್ಬಿಗೆ ತೊಟ್ಟಿಕ್ಕುತ್ತಿದೆ.
ಲೈಸೆನ್ಸಿನ ತಾರೀಕು ಓದಿದೆ, ಇನ್ನೂ ಸತ್ತಿರಲಿಲ್ಲ.
ಡಾಕ್ಟರ್ ಜವಾದ್ ಮುಟ್ಟಲಿಲ್ಲ, ಕೇಳಿದ,
ಅರೆ ಅರಬಿ, ಮುಕ್ಕಾಲು ಹಿಂದಿಯಲ್ಲಿ:
ಕಾಲು ಜೋಮು ಹಿಡಿಯುತ್ತದಾ? ನೋವು ನಿದ್ದೆಯಿಂದ ಎಬ್ಬಿಸುತ್ತದಾ?
ಮೂತ್ರ ಸರಿಯಿದೆಯಾ? ಯಾವಾಗಾದರೂ ಬಿದ್ದಿದ್ದಿರಾ?
ಬಿದ್ದಿದ್ದೆ.
ಹನ್ನೊಂದರ ವಯಸ್ಸಿಗೆ, ಗಂಗೊಳ್ಳಿಯ ಅಳಿವೆಯಲ್ಲಿ, ನಿಂತ ದೋಣಿಯಿಂದ,
ಕದ್ದು ಹತ್ತಿದ್ದಕ್ಕೆ ಯಾರಿಗೂ ಹೇಳಿರಲಿಲ್ಲ.
ಹೆಂಡತಿಗೂ ಗೊತ್ತಿಲ್ಲದ ಸಂಗತಿ
ಆ ಬಿಳಿ ಕೋಟಿನವನಿಗೆ ಹೇಳಿಬಿಟ್ಟೆ.

ಬರಿಗಾಲಲ್ಲಿ ನಡೆಸಿದ. ಗೋಡೆಗೆ ನಿಲ್ಲಿಸಿದ.
ಪುಟ್ಟ ರಬ್ಬರ್ ಸುತ್ತಿಗೆಯಲ್ಲಿ ಮಂಡಿಯ ಬಾಗಿಲು ತಟ್ಟಿದ.
ಬಲಗಾಲು ಓಗೊಟ್ಟಿತು.
ಎಡಗಾಲು ಮನೆಯಲ್ಲಿರಲಿಲ್ಲ.

ಸುತ್ತಿಗೆ ಕೆಳಗಿಟ್ಟ. ಕೈ ಜೇಬಿಗೆ ಹೋಯಿತು.
"ಇದಕ್ಕೆ ನನ್ನ ಕೈ ಬೇಡ, ಈಗಲೇ ಬೇಡ.
ಮೊದಲು ಸ್ಕ್ಯಾನು. ಸಲ್ಮಾನಿಯಾ ಆಸ್ಪತ್ರೆಗೆ ಚೀಟಿ ಬರೆಯುತ್ತೇನೆ.
ಅಲ್ಲಿಯವರೆಗೆ ಯಾರಿಗೂ ಲಟಕ್ಕೆನಿಸಲು ಬಿಡಬೇಡಿ.
ನನಗೂ."

ನನಗೆ ಕೆಲಸ ಕಲಿಸಿದ ಪಾಂಡುರಂಗ ಮಾಸ್ತರು
ಒಮ್ಮೆ ಮದುವೆಯ ಸೂಟಿನ ಬಟ್ಟೆಯನ್ನು ರಾತ್ರಿಯಿಡೀ ಹಾಸಿಟ್ಟುಕೊಂಡು ಕೂತು
ಬೆಳಿಗ್ಗೆ ಹಾಗೇ ಮಡಚಿ ಹಿಂದೆ ಕಳಿಸಿದ್ದರು:
ಸಾಲದು, ಕತ್ತರಿ ಇಟ್ಟರೆ ನಿಮಗೂ ಇಲ್ಲ ನನಗೂ ಇಲ್ಲ.
ಅಂದು ನಮ್ಮ ಅಂಗಡಿಯಲ್ಲಿ ಗಂಜಿಗೆ ಉಪ್ಪಿನಕಾಯಿಯೂ ಇರಲಿಲ್ಲ.
ಅವರ ಕೈ ನೋಡಲು ಹುಡುಗನಾದ ನನಗೆ ಕಣ್ಣಿರಲಿಲ್ಲ.

ಎಂಟು ದಿನಾರು ಕೊಟ್ಟೆ, ಏನೂ ಮಾಡದಿದ್ದಕ್ಕೆ.
ನನ್ನ ಲೆಕ್ಕದಲ್ಲಿ ಅಗ್ಗ.

ಸ್ಕ್ಯಾನು ಬರುವ ಭಾನುವಾರ. ಹೆದರಿಕೆಯಿದೆ.
ಅದನ್ನು ಅಲ್ಲೇ ಬಿಟ್ಟು ಏಳುವಾಗ, ಅಭ್ಯಾಸಬಲ,
ಕಣ್ಣು ಅವನ ಕೋಟಿಗೆ ಹೋಯಿತು:
ಎಡ ಹೆಗಲು ಅರ್ಧ ಇಂಚು ಕೆಳಗೆ.
ಕೊರಳಲ್ಲಿ ಸದಾ ನೇತಾಡುವ ಟೇಪು ಕೈಗೆ ಬಂತು.
"ಡಾಕ್ಟರೇ, ಒಂಚೂರು ನೆಟ್ಟಗೆ ನಿಲ್ಲಿ" ಎಂದೆ.

"ನೆಟ್ಟಗೇ ನಿಂತಿದ್ದೇನಲ್ಲ" ಅಂದ.